ದಿಂಬಣ್ಣ ಸತ್ತು ಎದ್ದದ್ದು

ನನ್ನ ಭಾಮೈದ ತೀರಿಕೊಂಡ ಸುದ್ದಿ ನಮಗೆ ತಿಳಿದ ದಿನ ಅವನು ಊಟ ಮುಗಿಸಿ ಸುಖವಾಗಿ ನಿದ್ದೆ ಮಾಡುತ್ತಿದ್ದ. ಈ ಸಂಗತಿ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಿದ್ದೆಯಲ್ಲಿದ್ದುದರಿಂದ ಅವನಿಗೂ ಗೊತ್ತಿರಲಿಲ್ಲ.

ಸುದ್ದಿ ಕೊಟ್ಟವರು ಅವನ ಎದುರುಮನೆಯ ಟೀಚರಮ್ಮ. ಶಾಲೆಯಲ್ಲಿ ಹಾಜರಿ ಕೂಗಿ ಕೂಗಿ ಪಳಗಿದ ಗಂಟಲು ಅವರದು; ನಿವೃತ್ತಿಯಾದ ಮೇಲೆ ಅದಕ್ಕೆ ತಕ್ಕ ಕೆಲಸ ಸಿಕ್ಕಿರಲಿಲ್ಲ. ಫೋನನ್ನು ನಾನು ಕಿವಿಯಿಂದ ಒಂದು ಮೊಳ ದೂರ ಹಿಡಿದಿದ್ದರೂ ಒಳಕೋಣೆಯಲ್ಲಿ ಮಲಗಿದ್ದ ನನ್ನ ಹೆಂಡತಿಗೆ ಎಲ್ಲವೂ ಕೇಳಿಸಿತು.

"ಸಾರ್, ಮನಸ್ಸು ಗಟ್ಟಿ ಮಾಡ್ಕೊಳ್ಳಿ. ದಿಂಬಣ್ಣ ಹೋಗ್ಬಿಟ್ರು."

"ಎಲ್ಲಿಗೆ?" ಎಂದೆ.

"ಎಲ್ಲಿಗೆ ಅಂದ್ರೆ? ದೇವರ ಹತ್ರಕ್ಕೆ ಸಾರ್!"

"ಅವನಾ? ಅಷ್ಟು ದೂರ?"

ಬಾಯಿತಪ್ಪಿ ಬಂದ ಮಾತು. ಆದರೆ ಬೀದಿಯ ತುದಿಯಿಂದ ಬ್ರೆಡ್ಡು ತರುವುದಕ್ಕೂ ಕಾರು ತೆಗೆಯುವ ಮನುಷ್ಯ ಇದ್ದಕ್ಕಿದ್ದಂತೆ ಅಂಥ ಪ್ರಯಾಣಕ್ಕೆ ಹೊರಟನೆಂದರೆ ನಂಬುವುದಾದರೂ ಹೇಗೆ?

ದಿಂಬಣ್ಣ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಚರ್ಚಿನ ಜನ ಇಟ್ಟದ್ದು. ಪೂಜೆಯ ಹೊತ್ತಿನಲ್ಲಿ ಉಳಿದವರೆಲ್ಲ ಬರಿಯ ಹಲಗೆಯ ಮೇಲೆ ಮೊಣಕಾಲೂರಿದರೆ, ಇವನು ಕಂಕುಳಿನಿಂದ ನೀಲಿ ಮಖಮಲ್ಲಿನ ಪುಟ್ಟ ದಿಂಬನ್ನು ತೆಗೆದು, ತಟ್ಟಿ, ಉಬ್ಬಿಸಿ, ಅದರ ಮೇಲೆ ಊರುತ್ತಿದ್ದ. "ಭಾವ, ಮೊಣಕಾಲು ನೋಯ್ತಾ ಇದ್ರೆ ಗಮನ ಮೊಣಕಾಲಿನ ಕಡೆ ಹೋಗುತ್ತೆ, ದೇವರ ಕಡೆ ಹೋಗಲ್ಲ" ಎಂದು ನನಗೆ ತತ್ವ ಬೋಧಿಸಿದ್ದ. ನಿಜವೇ. ದಿಂಬಿದ್ದುದರಿಂದ ಅವನ ಗಮನ ಎಲ್ಲಿಗೂ ಹೋಗುತ್ತಿರಲಿಲ್ಲ; ಫಾದರ್ ಮಾಡುವ ಪ್ರಸಂಗ ಮುಗಿಯುವ ತನಕ ಕಣ್ಣು ಮುಚ್ಚಿಕೊಂಡು ಒಂದೇ ಕಡೆ ಇರುತ್ತಿತ್ತು, ಒಮ್ಮೊಮ್ಮೆ ಸಣ್ಣ ಗೊರಕೆಯೊಡನೆ.

ತಂದೆ ಬಿಟ್ಟುಹೋದ ಕನ್ನಡಕದ ಅಂಗಡಿ ಅವನದು. ಅವನು ಶ್ರಮಪಟ್ಟು ಅದನ್ನು ಬೆಳೆಸಿದ ಎಂದರೆ ಸುಳ್ಳು ಹೇಳಿದ ಪಾಪ ನನಗೆ ಬರುತ್ತದೆ. ಊರಿಗೆ ವಯಸ್ಸಾಯಿತು, ವ್ಯಾಪಾರ ತಾನಾಗಿ ಬೆಳೆಯಿತು. ಮಕ್ಕಳಿಲ್ಲ, ಸಾಲವಿಲ್ಲ, ಹಲ್ಲುನೋವು ಸಹ ಇಲ್ಲ. ಇಂಥವನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಕೊರತೆ, ಕೊರತೆ ಇಲ್ಲದ್ದು.

ಅದು ಕೊರತೆಯೆಂದು ಅವನಿಗೆ ಗೊತ್ತಾದದ್ದು ಚರ್ಚಿನಲ್ಲಿ. ನಮ್ಮಲ್ಲಿ ವರ್ಷಕ್ಕೊಂದು ಕೃತಜ್ಞತೆಯ ಭಾನುವಾರ. ಅಂದು ಪೂಜೆಯ ಕೊನೆಗೆ ಯಾರು ಬೇಕಾದರೂ ಮುಂದೆ ಬಂದು, ದೇವರು ತಮಗೆ ಮಾಡಿದ ಉಪಕಾರವನ್ನು ನಾಲ್ಕು ಮಾತಿನಲ್ಲಿ ಸಾಕ್ಷಿ ಹೇಳಬಹುದು. ಹಿಂದಿನ ವರ್ಷ ಬಟ್ಟೆ ಇಸ್ತ್ರಿ ಮಾಡುವಾಕೆ ಬಂದು, ಬೆಂಕಿಬಿದ್ದ ಮನೆಯಿಂದ ಮಗು ಉಳಿದದ್ದನ್ನು ಹೇಳಿದಳು, ಜನ ಅತ್ತರು. ಅವಳ ಹಿಂದೆಯೇ ನಮ್ಮ ದಿಂಬಣ್ಣ ಎದ್ದು ಹೋಗಿ, ಗಂಟಲು ಸರಿಮಾಡಿಕೊಂಡು, ಹೊಸ ವಾಟರ್ ಹೀಟರಿನಿಂದ ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರುತ್ತಿರುವುದಕ್ಕಾಗಿ ದೇವರಿಗೆ ವಂದನೆ ಸಲ್ಲಿಸಿದ. ಮೊದಲು ನಕ್ಕವರು ಹಿಂದಿನ ಸಾಲಿನವರು. ಆಮೇಲೆ ಹಾಡುವವರು. ಕೊನೆಗೆ ಫಾದರ್ ಕೂಡ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು.

"ನಗೋಕೇನಿದೆ ಭಾವ? ಬಿಸಿನೀರು ಉಪಕಾರ ಅಲ್ವಾ?" ಎಂದು ಅಂದು ಸಂಜೆ ನನ್ನನ್ನು ಕೇಳಿದ.

"ಉಪಕಾರವೇ. ಆದರೆ ಬೆಂಕಿಯ ಹಿಂದೆ ಬಿಸಿನೀರು ನಡೆಯಲ್ಲಪ್ಪ."

"ಹಾಗಾದ್ರೆ ನನಗೂ ಏನಾದ್ರೂ ಆಗ್ಬೇಕು" ಎಂದು ನಿಟ್ಟುಸಿರು ಬಿಟ್ಟ. "ಜಾಸ್ತಿ ಬೇಡ. ಸಣ್ಣದು. ನೋವಿಲ್ಲದ್ದು."

ಅದೇ ವರ್ಷ ನೋವು ಬಂತು. ಬಂದದ್ದು ಅವನಿಗಲ್ಲ, ಅವನ ಅಕ್ಕನಿಗೆ, ಅಂದರೆ ನನ್ನ ಹೆಂಡತಿಗೆ. ಹೊಟ್ಟೆಯ ಕಾಯಿಲೆ. ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿ, ಇನ್ನು ಮಾಡುವುದೇನೂ ಉಳಿದಿಲ್ಲ, ಮನೆಯಲ್ಲಿ ಆರಾಮವಾಗಿ ನೋಡಿಕೊಳ್ಳಿ ಎಂದರು. ಆರಾಮ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇದು ತನ್ನ ಇಲಾಖೆಯೆಂದು ದಿಂಬಣ್ಣ ಸೊಂಟಕಟ್ಟಿ ನಿಂತ. ತಲೆಗೊಂದು ದಿಂಬು, ಕಾಲಿಗೊಂದು, ಮಂಡಿಯ ನಡುವೆ ಇಡುವುದಕ್ಕೊಂದು, ಕುತ್ತಿಗೆಗೆ ಕುದುರೆಲಾಳದ ಆಕಾರದ್ದೊಂದು. ಮಂಚದ ಮೇಲೆ ದಿಂಬುಗಳೆಲ್ಲ ಸುಖವಾಗಿ ಮಲಗಿದವು. ನನ್ನಾಕೆ ಜಾಗ ಸಾಲದೆ ಎದ್ದು ಕುರ್ಚಿಯಲ್ಲಿ ಕೂರುತ್ತಿದ್ದಳು.

ಅವಳ ವಿಷಯ ಒಂದು ಹೇಳಬೇಕು. ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಮಣಿ ಎಣಿಸುತ್ತ ಜಪಸರ ನಾನು ನಡೆಸುವುದು, ಕೊನೆಗೆ ಕೃತಜ್ಞತೆಯ ಮಾತು ಅವಳು ಹೇಳುವುದು. ಮದುವೆಯಾದಂದಿನಿಂದ ನಡೆದುಬಂದ ಪದ್ಧತಿ. ಆಸ್ಪತ್ರೆಯಿಂದ ಬಂದ ದಿನ ಜಪಸರ ಮುಗಿಯಿತು, ನಾನು ಕಾದೆ.

"ನಿನ್ನ ಸರದಿ" ಎಂದೆ.

"ಏನಕ್ಕೆ ವಂದನೆ ಹೇಳ್ಲಿ? ನೀವೇ ಒಂದು ಹುಡುಕ್ಕೊಡಿ, ಹೇಳ್ತೀನಿ."

ನಾನು ಹುಡುಕಿದೆ. ಸಿಕ್ಕಿದ್ದನ್ನು ಹೇಳುವ ಧೈರ್ಯವಾಗಲಿಲ್ಲ. ಅಂದಿನಿಂದ ನಮ್ಮ ಪ್ರಾರ್ಥನೆ ಜಪಸರಕ್ಕೇ ನಿಂತುಹೋಯಿತು. ಅವಳು ಹೋಗುವುದು ಖಚಿತವೆಂದು ಡಾಕ್ಟರು ಹೇಳಿದ್ದನ್ನು ಹೇಗೋ ನುಂಗಿಕೊಂಡಿದ್ದೆ. ಹೀಗೆ ದೇವರ ಮೇಲೆ ಮುನಿಸಿಕೊಂಡೇ ಹೋಗುತ್ತಾಳಲ್ಲ ಎಂಬುದು ಗಂಟಲಲ್ಲೇ ನಿಂತಿತ್ತು. ದಂಪತಿಗಳ ನಡುವೆ ಮಾತು ನಿಂತರೆ ನಡುವೆ ಬಂದು ಸರಿಮಾಡುವುದಕ್ಕೆ ನೆಂಟರಿದ್ದಾರೆ. ಇದಕ್ಕೆ ಯಾರನ್ನು ಕರೆಯುವುದು?

ಇನ್ನು ಕುರ್ಚಿ. ಮೈ ತಿಕ್ಕುವ, ಬೆನ್ನು ಗುದ್ದುವ, ಕಾಲು ಒತ್ತುವ ದೊಡ್ಡದೊಂದು ವಿದ್ಯುತ್ ಕುರ್ಚಿಯನ್ನು ದಿಂಬಣ್ಣ ತರಿಸಿದ. ಅಕ್ಕನಿಗೆ ಅಂತಲೇ ತರಿಸಿದ್ದು ಎಂದು ಊರಿಗೆಲ್ಲ ಹೇಳಿದ. ಆದರೆ ಕುರ್ಚಿ ನಮ್ಮ ಮನೆಗೆ ಬರಲಿಲ್ಲ.

"ಕಾಯಿಲೆಯವರನ್ನ ನೇರವಾಗಿ ಕೂರಿಸೋಕಾಗುತ್ತಾ ಭಾವ? ಮೊದಲು ನಾನು ಪರೀಕ್ಷೆ ಮಾಡ್ತೀನಿ" ಎಂದ.

ಪರೀಕ್ಷೆ ತಿಂಗಳುಗಟ್ಟಲೆ ನಡೆಯಿತು. ಎಂಥ ಶ್ರದ್ಧೆ! ಮಧ್ಯಾಹ್ನ ಅಂಗಡಿಯನ್ನು ಗುಮಾಸ್ತನಿಗೆ ಬಿಟ್ಟು ಬಂದು ಪರೀಕ್ಷಿಸುತ್ತಿದ್ದ, ರಾತ್ರಿ ಊಟವಾದ ಮೇಲೆ ಮತ್ತೊಮ್ಮೆ. ನಡುವೆ ಫಾದರ್ ಒಂದು ಭಾನುವಾರ, ಸುಖದ ಮಡಿಲಲ್ಲಿ ಭಕ್ತಿ ನಿದ್ದೆಹೋಗುತ್ತದೆ ಎಂದು ಪ್ರಸಂಗ ಮಾಡಿದರು. ಆ ಒಂದು ವಾಕ್ಯಕ್ಕೆ ದಿಂಬಣ್ಣ ಎಚ್ಚರವಾಗಿದ್ದನೆಂದು ಕಾಣುತ್ತದೆ, ಏಕೆಂದರೆ ಅವನ ಮನಸ್ಸಾಕ್ಷಿ ಚುಚ್ಚಿತು. ಚುಚ್ಚಿದ ಮನಸ್ಸಾಕ್ಷಿಗೂ ಅವನೊಂದು ಮೆತ್ತೆ ಹೊಂದಿಸಿದ. ಕುರ್ಚಿಯನ್ನು ಬಿಡುವ ಬದಲು ಕುರ್ಚಿಯಲ್ಲೇ ಜಪಸರ ಮಾಡುವುದು! ಎದುರಿಗೆ ಶಿಲುಬೆ, ಅದರ ಮುಂದೆ ಮೇಣದಬತ್ತಿ, ಕೈಯಲ್ಲಿ ಮಣಿ, ಬೆನ್ನಿಗೆ ಗುದ್ದು. ಭಕ್ತಿಯೂ ಆಯಿತು, ಸುಖವೂ ಆಯಿತು.

ಸುದ್ದಿ ಬಂದ ಆ ಮಧ್ಯಾಹ್ನವೂ ಹಾಗೆಯೇ. ಅವನ ಹೆಂಡತಿ ಪೇಟೆಗೆ ಹೊರಟಿದ್ದಳು. ವಾಪಸು ಬಂದಾಗ ಬಾಗಿಲು ತೆಗೆಯಲು ಏಳಬೇಕಾಗುತ್ತದಲ್ಲ ಎಂದು ಹೊರಗಿನಿಂದ ಬೀಗ ಹಾಕಿಕೊಂಡು ಹೋಗೆಂದ. ಮೇಣದಬತ್ತಿ ಹಚ್ಚಿದ. ನಿದ್ದೆ ಬಂದರೆ ಗೊರಕೆ ಬರದಿರಲೆಂದು, ಹೊಸದಾಗಿ ಕೊಂಡ ಗೊರಕೆ ಪಟ್ಟಿಯನ್ನು ಗದ್ದದ ಕೆಳಗಿನಿಂದ ನೆತ್ತಿಗೆ ಬಿಗಿದುಕೊಂಡ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದ. ಅದರಲ್ಲಿ ಜಲಪಾತದ ಶಬ್ದ ಬರುತ್ತದೆ. ಎದೆಯ ಮೇಲೆ ಕೈಜೋಡಿಸಿ, ಬೆರಳುಗಳಿಗೆ ಜಪಸರ ಸುತ್ತಿಕೊಂಡ. ಎರಡನೇ ಮಣಿಗೋ ಮೂರನೇ ಮಣಿಗೋ ನಿದ್ದೆ. ಕುರ್ಚಿ ತನ್ನ ಕೆಲಸ ಮುಗಿಸಿ, ಅವನನ್ನು ಉದ್ದಕ್ಕೆ ಅಂಗಾತ ಮಲಗಿಸಿ, ತಾನೂ ಸುಮ್ಮನಾಯಿತು.

ಈಗ ಓದುಗರು ಟೀಚರಮ್ಮನ ಜಾಗದಲ್ಲಿ ನಿಂತು ಕಿಟಕಿಯೊಳಗೆ ನೋಡಬೇಕು. ಅಂಗಾತ ಮಲಗಿದ ದೇಹ. ಗದ್ದಕ್ಕೆ ಬಟ್ಟೆ ಕಟ್ಟಿದೆ. ಕೈಯಲ್ಲಿ ಜಪಸರ. ಎದುರಿಗೆ ಶಿಲುಬೆ, ಉರಿಯುವ ಮೇಣದಬತ್ತಿ. ನಮ್ಮವರಲ್ಲಿ ಯಾವ ಮನೆಯಲ್ಲಿ ಹೆಣ ಮಲಗಿಸಿದರೂ ಇದಕ್ಕಿಂತ ಕ್ರಮಬದ್ಧವಾಗಿ ಮಲಗಿಸುವುದಿಲ್ಲ. ಟೀಚರಮ್ಮ ಕೂಗಿದರು, ಜಲಪಾತದಲ್ಲಿದ್ದವನಿಗೆ ಕೇಳಿಸಲಿಲ್ಲ. ಉಸಿರಾಟ ಕಾಣುತ್ತದೋ ಎಂದು ಕಣ್ಣು ಕಿರಿದು ಮಾಡಿ ನೋಡಿದರು, ಕಾಣಲಿಲ್ಲ. ಕಾಣುವುದು ಹೇಗೆ? ಅವರ ಕಣ್ಣಿಗಿದ್ದ ಕನ್ನಡಕ ದಿಂಬಣ್ಣನ ಅಂಗಡಿಯದೇ.

ಅವರು ಮೊದಲು ಚರ್ಚಿನಲ್ಲಿ ಗಂಟೆ ಬಾರಿಸುವ ಉಪದೇಶಿಗೆ ಹೇಳಿದರು, ಆಮೇಲೆ ನಮಗೆ. ಹೀಗಾಗಿ ನಾನು ಫೋನ್ ಇಡುವುದರೊಳಗೆ ಚರ್ಚಿನಲ್ಲಿ ಸಾವಿನ ಗಂಟೆ ಶುರುವಾಗಿತ್ತು.

ತಿರುಗಿ ನೋಡಿದರೆ ನನ್ನಾಕೆ ಬಾಗಿಲಲ್ಲಿ ನಿಂತಿದ್ದಾಳೆ. ಮಂಚದಿಂದ ಬಚ್ಚಲಿಗೆ ಹೋಗಲು ನನ್ನ ಭುಜ ಬೇಕಿದ್ದವಳು ಚಪ್ಪಲಿ ಮೆಟ್ಟಿಕೊಂಡಾಗಿತ್ತು.

"ಗಾಡಿ ಕರೀರಿ."

"ನಿನ್ನ ಕೈಲಿ ಆಗಲ್ಲ ಕಣೇ…"

"ಚಿಕ್ಕೋನು ರೀ ಅವನು. ನನಗಿಂತ ಮುಂಚೆ ಹೋಗೋದು ಅಂದ್ರೇನು? ಯಾರನ್ನ ಕೇಳಿ ಹೋದ?"

ಬಾಡಿಗೆ ಕಾರಿನಲ್ಲಿ ದಾರಿಯುದ್ದಕ್ಕೂ ಅವಳು ಅಳಲಿಲ್ಲ. ಕಿಟಕಿಯ ಕಡೆ ನೋಡಿಕೊಂಡು ಒಂದೇ ಮಾತು ಹೇಳಿದಳು. "ಇದೊಂದು ಬಾಕಿ ಇತ್ತು ಅವನಿಗೆ." ಯಾವ 'ಅವನು' ಎಂದು ನಾನು ಕೇಳಲಿಲ್ಲ, ಭಾಮೈದನಲ್ಲವೆಂದು ಗೊತ್ತಿತ್ತು.

ನಾವು ತಲುಪುವ ಹೊತ್ತಿಗೆ ಅಂಗಳ ತುಂಬಿತ್ತು. ಬೀಗದ ಕೈ ದಿಂಬಣ್ಣನ ಹೆಂಡತಿಯ ಹತ್ತಿರ, ಹೆಂಡತಿ ಪೇಟೆಯಲ್ಲಿ. ಬಾಗಿಲು ಒಡೆಯೋಣವೆಂದರೆ ತೇಗದ ಬಾಗಿಲು. ಒಡೆದು ಮೃತರ ಮನೆಯವರಿಗೆ ನಷ್ಟ ಮಾಡುವುದು ಬೇಡವೆಂದು ಹಿರಿಯರು ತೀರ್ಮಾನಿಸಿದ್ದರು. ಜನ ಸರದಿಯಲ್ಲಿ ಕಿಟಕಿಯ ಬಳಿ ಬಂದು ನೋಡಿ, ಶಿಲುಬೆಯ ಗುರುತು ಹಾಕಿಕೊಂಡು, ಮೂಗು ಒರೆಸಿಕೊಂಡು ಹೋಗುತ್ತಿದ್ದರು.

"ಎಂಥಾ ಸಾವು! ಜಪಸರ ಕೈಯಲ್ಲೇ ಇದೆ" ಎಂದರು ಟೀಚರಮ್ಮ. "ತನ್ನ ಗದ್ದ ತಾನೇ ಕಟ್ಕೊಂಡಿದಾರೆ ನೋಡಿ. ಯಾರಿಗೂ ತೊಂದರೆ ಕೊಡಬಾರದು ಅಂತ. ಸಂತ ಸಾರ್, ಸಂತ."

ಹೋದ ವರ್ಷ ಬಿಸಿನೀರಿಗೆ ಎಲ್ಲರಿಗಿಂತ ಜೋರಾಗಿ ನಕ್ಕವರು ಇವರೇ. ಸತ್ತವರ ವಿಷಯದಲ್ಲಿ ಜನಕ್ಕೆ ಎಷ್ಟು ಬೇಗ ಒಳ್ಳೆಯ ಬುದ್ಧಿ ಬರುತ್ತದೆ! ಬದುಕಿರುವವರೆಲ್ಲ ಆಗಾಗ ಒಂದು ಗಳಿಗೆ ಸತ್ತು ನೋಡಬೇಕು.

ಶವಪೆಟ್ಟಿಗೆ ಅಂಗಡಿಯವರೂ ಬಂದಿದ್ದರು. ಅವರು ಕಿಟಕಿಯಿಂದ ಒಂದು ಕಣ್ಣು ಮುಚ್ಚಿ ಟೇಪನ್ನು ಗಾಳಿಯಲ್ಲಿ ಹಿಡಿದು ಅಗಲ ಅಂದಾಜು ಮಾಡುತ್ತಿದ್ದರು.

"ಮಾಮೂಲಿ ಅಳತೆ ಸಾಲಲ್ಲ ಯಜಮಾನ್ರೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. "ಒಳಗೆ ಸ್ಪಂಜು ಹಾಕಿಸೋಣ. ಸುಖವಾಗಿ ಬಾಳಿದೋರು. ಇಷ್ಟಕ್ಕೆ ಹಿಂದೆ ಮುಂದೆ ನೋಡ್ಬಾರ್ದು."

ಅಷ್ಟರಲ್ಲಿ ಫಾದರ್ ಬಂದರು. ಹೊಸದಾಗಿ ಗುರುಗಳಾದವರು, ಉತ್ಸಾಹಿ. ಸಾಯುವವರಿಗೆ ಹಚ್ಚುವ ಎಣ್ಣೆಯ ಶೀಸೆ ತಂದಿದ್ದರು, ಆದರೆ ಪ್ರಾಣ ಹೋದವರಿಗೆ ಎಣ್ಣೆ ಹಚ್ಚುವಂತಿಲ್ಲ. ಹಚ್ಚೋಣವೆಂದರೆ ಕೈ ಕಿಟಕಿಯ ಸರಳಿನಾಚೆ ಅಷ್ಟು ದೂರ ಹೋಗುವಂತಿಲ್ಲ. ಕಡೆಗೆ ತೀರ್ಥ ಚಿಮುಕಿಸಿ ಪ್ರಾರ್ಥನೆ ಮಾಡುವುದೆಂದು ನಿರ್ಧಾರವಾಯಿತು.

ನನ್ನಾಕೆ ಜನರನ್ನು ಸರಿಸಿಕೊಂಡು ಕಿಟಕಿಗೆ ಹೋದಳು. ಸರಳು ಹಿಡಿದು ತಮ್ಮನನ್ನು ನೋಡಿದಳು. ಚಿಕ್ಕಂದಿನಿಂದ ಅವನನ್ನು ಎಬ್ಬಿಸಿ ಶಾಲೆಗೆ ಕಳಿಸಿದವಳು ಅವಳು. ಒಂದು ಗಳಿಗೆ ನೋಡಿದವಳೇ ಮುಖ ತಿರುಗಿಸಿ,

"ರೀ, ಅವನ ಹೊಟ್ಟೆ ನೋಡ್ರೀ" ಎಂದಳು.

ನೋಡಿದೆ. ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು.

"ಫಾದರ್, ಒಂದು ನಿಮಿಷ…" ಎಂದೆ. ತಡವಾಗಿತ್ತು. ದೂರದಲ್ಲಿರುವ ಆತ್ಮಕ್ಕೆ ತಲುಪಲೆಂದು ಫಾದರ್ ತೋಳು ಹಿಂದಕ್ಕೆಳೆದು, ತೀರ್ಥದ ಪಾತ್ರೆಯ ಅರ್ಧಕ್ಕರ್ಧವನ್ನು ಒಂದೇ ಬೀಸಿನಲ್ಲಿ ಒಳಕ್ಕೆ ಎರಚಿದರು. ದಿಂಬಣ್ಣನ ಮುಖಕ್ಕೆ ಬಿದ್ದದ್ದು ನಾಲ್ಕು ಹನಿ. ಮಿಕ್ಕದ್ದೆಲ್ಲ ಕುರ್ಚಿಯ ಗುಂಡಿಗಳ ಮೇಲೆ ಬಿತ್ತು.

ಕುರ್ಚಿ ನರಳಿತು. ಕೆಂಪು ದೀಪ, ಹಸಿರು ದೀಪ ಮಿನುಗಿದವು. ಮೃತನ ತಲೆ ನಿಧಾನವಾಗಿ ಮೇಲೆದ್ದಿತು. ಕಾಲುಗಳು ಗಂಭೀರವಾಗಿ ಕೆಳಗಿಳಿದವು. ಸತ್ತವನು ಎದ್ದು ಕುಳಿತ.

"ಎದ್ರು!" ಟೀಚರಮ್ಮ ಕಿರುಚಿದರು. "ಸ್ವಾಮೀ, ಎದ್ರು!"

ಅಂಗಳದ ಅರ್ಧ ಜನ ಮೊಣಕಾಲೂರಿದರು. ಇನ್ನರ್ಧ ಗೇಟಿನ ಕಡೆ ಓಡಿದರು. ಅವರ ಮುಂಚೂಣಿಯಲ್ಲಿ ಪೆಟ್ಟಿಗೆ ಅಂಗಡಿಯವರು. ಫಾದರ್ ಓಡಲೂ ಇಲ್ಲ, ಊರಲೂ ಇಲ್ಲ. ತಮ್ಮ ಕೈಯನ್ನು ತಾವೇ ನೋಡಿಕೊಳ್ಳುತ್ತ ನಿಂತರು.

ದಿಂಬಣ್ಣ ಕಣ್ಣು ಬಿಟ್ಟ. ಕಂಡದ್ದೇನು? ಕಿಟಕಿ ತುಂಬ ಕಪ್ಪು ಬಟ್ಟೆಯ ಜನ, ನಡುವೆ ಗುರುಗಳು. ಬೆನ್ನಿನ ಹಿಂದೆ ಯಾರೋ ದಬದಬ ಗುದ್ದುತ್ತಿದ್ದಾರೆ. ತಾನು ಸತ್ತಿರುವುದು ಅವನಿಗೆ ಖಚಿತವಾಯಿತು. ಯಾವ ಕಡೆಗೆ ಬಂದಿದ್ದೇನೆ ಎಂಬುದಷ್ಟೇ ಸಂಶಯ. ಕಿರುಚೋಣವೆಂದರೆ ಗದ್ದ ಬಿಗಿದಿದೆ. "ಮ್ಮ್! ಮ್ಮ್ಮ್!" ಎಂದ. ಕೆನ್ನೆ, ಗದ್ದ, ಹೊಟ್ಟೆ ಎಲ್ಲವೂ ಒಂದೊಂದು ಲಯದಲ್ಲಿ ಕುಣಿದವು. ಎರಡೂ ಕೈಯನ್ನು ಕುರ್ಚಿಯ ತೋಳಿಗೆ ಊರಿ ಏಳಲು ನೋಡಿದ. ತೋಳಿನೊಳಗಿನ ಉರುಳೆ ಅವನ ಜಪಸರವನ್ನು ಹಿಡಿದು ಒಂದೊಂದೇ ಮಣಿಯಾಗಿ ಒಳಗೆಳೆದುಕೊಂಡಿತು. ಅವನು ಮುಗಿಸದೆ ಬಿಟ್ಟ ಜಪಸರವನ್ನು ಕುರ್ಚಿ ಮುಗಿಸಿತು ಎನ್ನಬೇಕು. ಕೊನೆಗೆ ಶಿಲುಬೆ ಸಿಕ್ಕಿಕೊಂಡು ಕುರ್ಚಿ ಕಟಕಟ ಎಂದು, ಅವನ ಕೈಕಾಲುಗಳನ್ನು ಕಚ್ಚಿ ಹಿಡಿದು ನಿಂತುಬಿಟ್ಟಿತು.

ಈ ಗದ್ದಲದ ನಡುವೆ ನನ್ನ ಪಕ್ಕದಿಂದ ಒಂದು ಶಬ್ದ ಬಂತು. ನನ್ನಾಕೆಗೆ ಉಸಿರು ಕಟ್ಟಿತೆಂದು ಗಾಬರಿಯಾಗಿ ತೋಳು ಹಿಡಿದೆ. ಅವಳು ನಗುತ್ತಿದ್ದಳು. ಸರಳಿಗೆ ಹಣೆ ಒತ್ತಿಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದಳು.

"ಅಯ್ಯೋ, ನೋಯುತ್ತೆ ರೀ… ನಗಿಸ್ಬೇಡಿ ಅನ್ರೀ ಅವನಿಗೆ…"

ಅಷ್ಟರಲ್ಲಿ ದಿಂಬಣ್ಣನ ಹೆಂಡತಿ ಚೀಲ ಹಿಡಿದು ಬಂದಳು. ಅಂಗಳದಲ್ಲಿ ಮೊಣಕಾಲೂರಿದ ಜನರ ನಡುವೆ ದಾರಿ ಮಾಡಿಕೊಂಡು ಬೀಗ ತೆಗೆದು ಒಳಗೆ ಹೋದಳು. ಮೃತ್ಯುವನ್ನು ಗೆದ್ದು ಬಂದ ಪತಿಯನ್ನು ಕಂಡು ಆಕೆ ಆಡಿದ ಮೊದಲ ಮಾತು ನನಗೆ ಚೆನ್ನಾಗಿ ನೆನಪಿದೆ. "ಕಾರ್ಪೆಟ್ ಮೇಲೆ ನೀರು ಚೆಲ್ಲಿದ್ಯಾರು?"

ಮೈನ್ ಸ್ವಿಚ್ ಆರಿಸಿ, ಫಾದರ್ ಅನುಮತಿಯ ಮೇರೆಗೆ ಜಪಸರದ ದಾರ ಕತ್ತರಿಸಿ, ಅವನನ್ನು ಬಿಡಿಸಿದೆವು. ಮನೆಗೆ ಬಂದ ಮೇಲೆ ನನ್ನಾಕೆ ಹಸಿವು ಎಂದಳು. ಎಷ್ಟೋ ದಿನದಿಂದ ಆ ಮಾತು ಅವಳ ಬಾಯಿಂದ ಕೇಳಿರಲಿಲ್ಲ. ಅನ್ನ ಕಲಸಿ ಕೊಟ್ಟೆ, ತಟ್ಟೆ ಖಾಲಿ ಮಾಡಿದಳು. ಸಂಜೆ ಜಪಸರ ಮುಗಿದ ಮೇಲೆ ಕಾದೆ. ಅವಳು ಏನೂ ಹೇಳಲಿಲ್ಲ.

ದಿಂಬಣ್ಣ ಬದುಕಿದ್ದಾನೆ ಎಂದು ಊರಿಗೆ ತಿಳಿಸುವುದು ಸುಲಭ, ಅವನು ಸತ್ತೇ ಇರಲಿಲ್ಲ ಎಂದು ತಿಳಿಸುವುದು ಕಷ್ಟ. ಸಾವಿನ ಗಂಟೆ ಬಾರಿಸಿಯಾಗಿತ್ತು. ಬಾರಿಸಿದ ಗಂಟೆಯನ್ನು ವಾಪಸು ತೆಗೆದುಕೊಳ್ಳುವ ಕ್ರಮ ಯಾವ ಪೂಜಾಪುಸ್ತಕದಲ್ಲೂ ಇಲ್ಲ. ಗಂಟೆ ತಪ್ಪೆಂದರೆ ಉಪದೇಶಿಗೆ ಅವಮಾನ, ಸಾವು ಸುಳ್ಳೆಂದರೆ ಟೀಚರಮ್ಮನಿಗೆ, ಕುರ್ಚಿ ಎಬ್ಬಿಸಿತೆಂದರೆ ಫಾದರ್ ಕೈಗೆ. ಎಲ್ಲರ ಮರ್ಯಾದೆ ಉಳಿಯಬೇಕಾದರೆ ಅವನು ಸತ್ತಿರಲೇಬೇಕಿತ್ತು.

ಜನ ತಂಡತಂಡವಾಗಿ ಅವನನ್ನು ನೋಡಲು ಬಂದರು.

"ಆ ಕಡೆ ಏನು ಕಂಡ್ರಿ ದಿಂಬಣ್ಣ?"

ಅವನು ಸುಳ್ಳು ಹೇಳುವವನಲ್ಲ. ಯೋಚಿಸಿ ಹೇಳಿದ. "ಕಂಡಿದ್ದೇನೂ ಇಲ್ಲ. ನೀರು ಧುಮುಕೋ ಶಬ್ದ ಕೇಳಿಸ್ತಾ ಇತ್ತು. ಯಾರೋ ಬೆನ್ನು ನೇವರಿಸ್ತಾ ಇದ್ರು. ಮೈಯೆಲ್ಲ ಹಗುರ."

"ಜೀವಜಲದ ನದಿ!" ಎಂದು ಟೀಚರಮ್ಮ ಕಣ್ಣೊರೆಸಿಕೊಂಡರು. "ಆಮೇಲೆ?"

"ಆಮೇಲೆ ಜೋರಾಗಿ ಗುದ್ದಿದ್ರು."

"ವಾಪಸು ಕಳಿಸೋಕೆ!"

ಹೀಗೆ ಅವನು ಹೇಳಿದ ನಿಜವೆಲ್ಲ ಅವರ ಕೈಯಲ್ಲಿ ಅದ್ಭುತವಾಗುತ್ತಿತ್ತು. ಮೊದಮೊದಲು ತಿದ್ದಲು ನೋಡಿದ. ಆಮೇಲೆ ತಿದ್ದುವುದನ್ನು ಬಿಟ್ಟ. ಕಡೆಕಡೆಗೆ ಅವನಿಗೇ ಸಂಶಯ ಹತ್ತಿತು. ಕೃತಜ್ಞತೆಯ ಭಾನುವಾರ ಹತ್ತಿರ ಬಂದಾಗ, ಈ ಸಲ ಕೊನೆಯ ಸಾಕ್ಷಿ ದಿಂಬಣ್ಣನವರದೇ ಎಂದು ಫಾದರ್ ಪ್ರಕಟಿಸಿಯೇ ಬಿಟ್ಟರು. ಅವನು ಹೊಸ ಕೋಟು ಹೊಲಿಸಿಕೊಂಡು ಅಕ್ಕನಿಗೆ ತೋರಿಸಲು ಬಂದ.

"ಚೆನ್ನಾಗಿದೆ" ಎಂದಳು ಅವಳು. "ಏನು ಹೇಳ್ತೀಯ ಅಲ್ಲಿ?"

"ನಡೆದಿದ್ದು ಹೇಳ್ತೀನಿ ಅಕ್ಕ."

"ನಡೆದಿದ್ದೇನು?"

ಅವನು ಕೋಟಿನ ಗುಂಡಿ ತಿರುಗಿಸುತ್ತ ನಿಂತ. "ನೋಡಕ್ಕ, ಇಷ್ಟು ಜನ ಹೇಳ್ತಿದಾರೆ ಅಂದ್ಮೇಲೆ… ನಿದ್ದೇಲಿ ಹೋಗಿರ್ಬೋದು, ವಾಪಸು ಬಂದಿರ್ಬೋದು. ನಿದ್ದೆ ಮಾಡೋನಿಗೆ ಗೊತ್ತಾಗುತ್ತಾ? ನನಗಂತೂ ಜೀವಮಾನದಲ್ಲಿ ಒಂದು ಸಾಕ್ಷಿ ಸಿಕ್ಕಿದೆ." ಆಮೇಲೆ ದನಿ ತಗ್ಗಿಸಿ, "ಕುರ್ಚಿ ರಿಪೇರಿ ಆಗಿದೆ. ನೀನೂ ಒಂದ್ಸಲ ಕೂತು ನೋಡಕ್ಕ. ಯಾರಿಗ್ಗೊತ್ತು…" ಎಂದ.

ಅವಳು ಅವನ ಮುಖವನ್ನೇ ನೋಡಿದಳು. ನಾನು ಕಂಬಳಿ ಮಡಿಸುವ ನೆವ ಮಾಡಿಕೊಂಡು ಕಿವಿಗೊಟ್ಟಿದ್ದೆ. ಅದ್ಭುತವೆಂಬುದು ಸುಳ್ಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ಹೂಂ ಎನ್ನಲಿ ಎಂದು ನನಗನ್ನಿಸಿತು. ಬುದ್ಧಿ ಕಡಮೆಯಿರುವುದು ಹೆಂಡತಿಯ ಕಡೆಯವರಲ್ಲಿ ಮಾತ್ರವಲ್ಲ.

"ಅದರಲ್ಲಿ ಕೂತು ಕೂತು ನಿನ್ನ ಗೊರಕೆಯೇ ಹೋಗ್ಲಿಲ್ವಲ್ಲೋ" ಎಂದಳು. "ಕುರ್ಚಿ ಆಮೇಲೆ ನೋಡೋಣ. ಭಾನುವಾರ ನಾನೂ ಬರ್ತೀನಿ. ನೀನು ಮಾತಾಡೋದು ಕೇಳ್ಬೇಕು."

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಕಾಯಿಲೆಯಾದ ಮೇಲೆ ಅವಳು ಚರ್ಚಿಗೆ ಬಂದದ್ದು ಅಂದೇ. ಪೂಜೆ ಮುಗಿಯಿತು, ದಿಂಬಣ್ಣ ಹೊಸ ಕೋಟಿನಲ್ಲಿ ಮೈಕಿನ ಮುಂದೆ ನಿಂತ.

"ನಾನು ಸತ್ತಿದ್ದೆ" ಎಂದು ಶುರುಮಾಡಿದ.

ಯಾರೋ ಬಿಕ್ಕಿದರು. ಅವನು ಅಕ್ಕನ ಕಡೆ ನೋಡಿದ. ಅವಳು ಸುಮ್ಮನೆ ನೋಡುತ್ತಿದ್ದಳು, ಅಷ್ಟೆ. ಅವನ ಹಣೆಯಲ್ಲಿ ಬೆವರು ಮೂಡಿತು.

"ಅಂದ್ರೆ… ಸತ್ತಿರಲಿಲ್ಲ. ನಿದ್ದೆ ಮಾಡ್ತಿದ್ದೆ. ಅದು ಮಸಾಜ್ ಕುರ್ಚಿ. ಅಕ್ಕನಿಗೆ ಅಂತ ತಂದಿದ್ದು, ನಾನೇ ಇಟ್ಕೊಂಡಿದ್ದೆ."

"ಇಲ್ಲ!" ಟೀಚರಮ್ಮ ಎದ್ದುನಿಂತರು. "ನಾನು ಕಣ್ಣಾರೆ ನೋಡಿದೀನಿ. ಸತ್ತಿದ್ರು!"

"ನಿದ್ದೆ ಟೀಚರಮ್ಮ. ಗದ್ದಕ್ಕೆ ಕಟ್ಟಿದ್ದು ಗೊರಕೆ ಪಟ್ಟಿ."

"ಸತ್ತೋರಿಗೆ ಏನ್ರೀ ಗೊತ್ತಿರುತ್ತೆ? ನೋಡಿದೋರನ್ನ ಕೇಳ್ಬೇಕು!"

ಜನ ಟೀಚರಮ್ಮನ ಪಕ್ಷ ವಹಿಸಿದರು. ಪೆಟ್ಟಿಗೆ ಅಂಗಡಿಯವರು, ತಮ್ಮ ಅನುಭವದಲ್ಲಿ ಹೆಣದ ಮುಖ ತಪ್ಪಿದ್ದಿಲ್ಲವೆಂದು ಹಿಂದಿನಿಂದ ಕೂಗಿದರು. ಉಪಕಾರ ಮರೆತವನೆಂದು ಯಾರೋ ಬೈದರು. ದೇವರು ಎಬ್ಬಿಸಿದರೂ ಒಪ್ಪದ ಅವಿಶ್ವಾಸಿ ಎಂದರು ಇನ್ನೊಬ್ಬರು. ಬದುಕಿರುವುದನ್ನು ಒಪ್ಪಿಕೊಂಡ ತಪ್ಪಿಗೆ ಮನುಷ್ಯನೊಬ್ಬ ಇಷ್ಟು ಬೈಗುಳ ತಿಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ದಿಂಬಣ್ಣ ತಲೆತಗ್ಗಿಸಿದ. "ನನ್ನ ಹತ್ರ ಹೇಳೋಕೆ ಏನೂ ಇಲ್ಲ" ಎಂದು ಕೆಳಗಿಳಿಯಹೊರಟ.

"ಅಲ್ಲೇ ನಿಂತ್ಕೋ" ಎಂದಿತು ಒಂದು ದನಿ.

ನನ್ನಾಕೆ ಎದ್ದಿದ್ದಳು. ನನ್ನ ಭುಜ ಹಿಡಿದು ಮೈಕಿನ ತನಕ ಬಂದಳು. ತಮ್ಮ ಅವಳ ಇನ್ನೊಂದು ತೋಳು ಹಿಡಿದ. ಜನ ಸುಮ್ಮನಾದರು. ಅವಳ ಸ್ಥಿತಿ ಎಲ್ಲರಿಗೂ ಗೊತ್ತಿತ್ತು.

"ನಾನು ದೇವರ ಹತ್ರ ಮಾತು ಬಿಟ್ಟಿದ್ದೆ" ಎಂದಳು. "ಇವನು ಹೋದ ಅಂತ ಫೋನ್ ಬಂದಾಗ ಇನ್ನು ಸಾಯೋ ತನಕ ಮಾತಾಡೋದೇ ಇಲ್ಲ ಅಂದ್ಕೊಂಡೆ. ಇವನ ಮನೆಗೆ ಬಂದೆ. ಕಿಟಕಿ ಹತ್ರ ನಿಂತು ನಕ್ಕೆ. ನಕ್ಕಿದ್ದಕ್ಕೆ ಹಸಿವಾಯ್ತು. ಹೋಗಿ ಊಟ ಮಾಡ್ದೆ." ಉಸಿರು ಎಳೆದುಕೊಂಡಳು. "ಕಾಯಿಲೆ ಹಾಗೇ ಇದೆ. ಅದ್ಭುತ ಗಿದ್ಭುತ ಏನೂ ಆಗಿಲ್ಲ. ಇವನು ಪೆದ್ದ. ಇಂಥಾ ಪೆದ್ದನ್ನ ನನಗೆ ತಮ್ಮನಾಗಿ ಕೊಟ್ಟು, ಇಷ್ಟು ವರ್ಷ ಉಳಿಸಿದ್ದಕ್ಕೆ ದೇವರಿಗೆ ವಂದನೆ. ಅಷ್ಟೇ."

ಯಾರೂ ಅಳಲಿಲ್ಲ, ನಗಲಿಲ್ಲ. ಫಾದರ್ ಆಶೀರ್ವಾದ ಕೊಡುವುದನ್ನು ಮರೆತರು, ಉಪದೇಶಿ ನೆನಪಿಸಬೇಕಾಯಿತು. ದಿಂಬಣ್ಣ ಮಾತ್ರ ಹೊಸ ಕೋಟಿನ ತೋಳಿಗೆ ಮೂಗು ಒರೆಸಿಕೊಂಡು, "ಪೆದ್ದ ಅಂತ ಮೈಕಲ್ಲಿ ಹೇಳ್ಬೇಕಿತ್ತಾ ಅಕ್ಕ?" ಎಂದ. ಅದೂ ಮೈಕಿನಲ್ಲಿಯೇ ಕೇಳಿಸಿತು.

ಮರುದಿನವೇ ಕುರ್ಚಿ ನಮ್ಮ ಮನೆಗೆ ಬಂತು. ಅವಳು ಒಮ್ಮೆ ಕೂತಳು. "ಬೆನ್ನ ಹಿಂದೆ ಯಾರೋ ಜಗಳ ಆಡ್ತಿರೋ ಹಾಗಿದೆ" ಎಂದು ಇಳಿದುಬಿಟ್ಟಳು. ಒಗೆದ ಬಟ್ಟೆ ಇಡುವುದಕ್ಕೆ ಅದು ಬಹಳ ಅನುಕೂಲವಾಯಿತು.

ಸಂಜೆಯ ಕೃತಜ್ಞತೆಯ ಮಾತು ಮತ್ತೆ ಶುರುವಾಯಿತು. ಹಿಂದಿನ ಗಂಭೀರವಾದ ಪ್ರಾರ್ಥನೆ ಅಲ್ಲ ಅದು. "ಇವತ್ತು ಗಂಜಿ ಹೊಟ್ಟೇಲಿ ನಿಂತ್ಕೊಳ್ತು, ವಂದನೆ ಸ್ವಾಮಿ. ಇವರು ಅದಕ್ಕೆ ಉಪ್ಪು ಹಾಕೋದು ಮರೀಲಿಲ್ಲ, ವಂದನೆ. ಟೀಚರಮ್ಮ ನೋಡೋಕೆ ಬರ್ತೀನಿ ಅಂದಿದ್ರು, ಬರಲಿಲ್ಲ, ಬಹಳ ವಂದನೆ." ಕೊನೆಕೊನೆಗೆ ದನಿ ಹೊರಡದೆ ತುಟಿ ಮಾತ್ರ ಆಡುತ್ತಿತ್ತು. ನಾನು ಕಿವಿಯನ್ನು ಬಾಯಿಯ ಹತ್ತಿರ ಹಿಡಿಯುತ್ತಿದ್ದೆ. ಒಂದು ಬೆಳಿಗ್ಗೆ ತುಟಿಯೂ ಆಡಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ ನೆಂಟರೆಲ್ಲ ಹೊರಟುಹೋದರು. ದಿಂಬಣ್ಣ ಉಳಿದುಕೊಂಡ. ನಾವಿಬ್ಬರೂ ಜಪಸರಕ್ಕೆ ಕೂತೆವು. ಅರ್ಧಕ್ಕೆ ಬರುವಷ್ಟರಲ್ಲಿ ಅತ್ತು ಅತ್ತು ದಣಿದಿದ್ದ ಅವನು ಗೋಡೆಗೊರಗಿ ನಿದ್ದೆಹೋದ. ಎಬ್ಬಿಸಲಿಲ್ಲ. ಉಳಿದ ಮಣಿಗಳನ್ನು ನಾನೇ ಮುಗಿಸಿದೆ. ಕೃತಜ್ಞತೆಯ ಮಾತಿನ ಸರದಿ ಬಂತು. ಹೇಳುವವಳಿಲ್ಲ. ನನಗೆ ತಿಳಿದಂತೆ ಹೇಳಿದೆ.

ಸ್ವಾಮೀ, ಅವಳನ್ನು ನನಗೆ ಕೊಟ್ಟಿದ್ದಕ್ಕೆ ವಂದನೆ. ನಿನ್ನೊಡನೆ ಮುನಿಸಿಕೊಂಡಿದ್ದಳು, ರಾಜಿಯಾಗಿಯೇ ಬಂದಿದ್ದಾಳೆ, ಅದಕ್ಕೂ ವಂದನೆ. ನಿನ್ನಲ್ಲಿ ಅವಳ ಆತ್ಮಕ್ಕೆ ಶಾಂತಿ ಸಿಗಲಿ. ಅವಳಿಗೆ ಮುಗಿಯದ ವಿಶ್ರಾಂತಿ ಕೊಡು. ಅವಳು, 'ಬೇಡ, ಒಲೆಯ ಮೇಲೆ ಏನೋ ಇಟ್ಟು ಬಂದಿದೀನಿ' ಎನ್ನುತ್ತಾಳೆ. ಅವಳ ಮಾತು ಕೇಳಬೇಡ. ಕೈಹಿಡಿದು ಕೂರಿಸು. ಆಮೆನ್.